ಮರಳಿನಾಚೆಯ ಮೀನು

"ಇನ್ನು ಅಗೆಯಲ್ಲ," ಎಂದು ಗೋರಿ ತೋಡುತ್ತಿದ್ದ ಬಿಸ್ವಿಕಿ ಗುದ್ದಲಿಯನ್ನು ಮಣ್ಣಗುಡ್ಡೆಗೆ ಚುಚ್ಚಿದ. ಮರದಡಿಯ ಗುಂಡಿ ಸೊಂಟದಾಳಕ್ಕೆ ಬಂದಿತ್ತು. ಮದುವೆಯಾಗಿ ಹೆಂಡತಿಯ ಊರಿಗೆ ಬಂದವನು ಸತ್ತರೆ, ಅವನ ಕಡೆಯವರು ಒಪ್ಪಿಗೆ ಕೊಡುವ ತನಕ ಗುಂಡಿಯನ್ನು ಪೂರ್ತಿ ತೋಡುವುದಿಲ್ಲ. ಮಲಾವಿ ಸರೋವರದ ಈ ತೆಂಕಣ ದಂಡೆಯಲ್ಲಿ ನಮ್ಮೂರಿನ ಪದ್ಧತಿ ಅದು.

"ನಲವತ್ತು ವರ್ಷ ಯಾರೂ ತಿರುಗಿ ನೋಡಿಲ್ಲ. ಇವತ್ತು ಬರ್ತಾರಾ?" ಎಂದಳು ತಿಯಾಮಿಕೆ. ಸತ್ತ ಲೊಂಗ್ವೆ ಅವಳ ಅಪ್ಪ. ಪಕ್ಕದಲ್ಲೇ ಅಮ್ಮನ ಗೋರಿ. ಮನೆಯಲ್ಲಿ ಇನ್ನು ಅವಳೊಬ್ಬಳೇ.

"ಬಂದು ಹೆಣ ಕೇಳಿದ್ರೆ ಕೊಡ್ಲೇಬೇಕು ಕಣಮ್ಮ. ನಿಮ್ಮಪ್ಪ ಬಂದವನು."

ಬಂದವನು! ಅವನು ಹಿಡಿದ ಮೀನು ತಿಂದ ಬಾಯಿಗಳೇ ಅವನನ್ನು ಕೊನೆಯವರೆಗೂ ಹಾಗೆ ಕರೆದವು. ಪಾಪ, ಅವನೂ ಓಗೊಡುತ್ತಿದ್ದ.

ಸುದ್ದಿ ತಿಳಿದು ಮಧ್ಯಾಹ್ನದ ಬಸ್ಸಿಗೆ ಲೊಂಗ್ವೆಯ ತಮ್ಮ ಯೋನಾ ಬಂದಿಳಿದ. ಬಡಗಣ ದಂಡೆಯ ಬೆಸ್ತ. ಅವನ ಮಾತು ಇಲ್ಲಿಯವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಅಣ್ಣನ ಮುಖದ ಮೇಲಿನ ಬಟ್ಟೆ ಸರಿಸಿ ಬಹಳ ಹೊತ್ತು ನೋಡಿದ.

"ಗುರುತೇ ಸಿಗಲ್ವಲ್ಲ," ಎಂದ. "ಕರ್ಕೊಂಡು ಹೋಗ್ತೀನಿ. ಅಪ್ಪನ ಪಕ್ಕ ಜಾಗ ಇಟ್ಟಿದೀನಿ."

ತಿಯಾಮಿಕೆ ಅಪ್ಪನ ದೋಣಿಯ ಹುಟ್ಟನ್ನು ಎತ್ತಿಕೊಂಡಳು.

"ಚಿಕ್ಕಪ್ಪ, ಒಂದು ಗಳಿಗೆ ದೋಣಿ ಹತ್ತಿ. ಅಪ್ಪ ದಿನಾ ಹೋಗ್ತಿದ್ದ ಜಾಗ ನೋಡ್ಕೊಂಡು ಬರೋಣ."

*

ಹೊರದೇಶದವರ ಗಾಜಿನ ತೊಟ್ಟಿಗಳಿಗಾಗಿ ಬಣ್ಣದ ಮೀನುಗಳನ್ನು ಮುಳುಗಿ ಜೀವಂತ ಹಿಡಿಯುವುದು ಲೊಂಗ್ವೆಯ ಕೆಲಸ. ಒಂದು ಸಲ ಧಣಿಯ ಲಾರಿಯಲ್ಲಿ ಬಡಗಣ ದಂಡೆಯಿಂದ ನೀಲಿ ಮೀನು ಬರುವಷ್ಟರಲ್ಲಿ ವಿಮಾನ ಹೋಗಿಬಿಟ್ಟಿತ್ತು. "ಚೆಲ್ಲಿಬಿಡು," ಎಂದ ಧಣಿ. ಕೊಲ್ಲಲು ಮನಸ್ಸಾಗದೆ ಲೊಂಗ್ವೆ ಅವನ್ನು ನಮ್ಮೂರ ಹಳದಿ ಮೀನುಗಳ ಬಂಡೆಯ ಬಳಿ ಬಿಟ್ಟ.

"ತಪ್ಪು ಮಾಡ್ದೆ ಮಗಾ," ಎಂದಿದ್ದ, ತಿಯಾಮಿಕೆಗೆ ಎಂಟು ವರ್ಷವಿದ್ದಾಗ. "ಇಲ್ಲಿ ಒಂದೊಂದು ಬಂಡೆಗೆ ಒಂದೊಂದು ಬಣ್ಣ. ನಡುವೆ ಬಯಲು ಮರಳು, ದಾಟೋಕೆ ಹೋದ್ರೆ ದೊಡ್ಡ ಮೀನು ನುಂಗುತ್ತೆ. ಸಾವಿರಾರು ವರ್ಷ ಅಲ್ಲಲ್ಲೇ ಉಳ್ಕೊಂಡು ಬೇರೆ ಬೇರೆ ಜಾತೀನೇ ಆಗ್ಬಿಟ್ಟಿವೆ. ಈ ನೀಲಿಗಳನ್ನ ಹಳದಿಗಳು ಹತ್ರಾನೂ ಸೇರಿಸ್ತಿಲ್ಲ, ನೋಡು."

"ವಾಪಸ್ ಬಿಟ್ಟು ಬಾ ಅಪ್ಪ."

"ಅಷ್ಟು ದೂರ ಯಾರು ಕರ್ಕೊಂಡು ಹೋಗ್ತಾರೆ?" ಎಂದು ಅವನು ನೀರನ್ನೇ ನೋಡುತ್ತ ಕುಳಿತಿದ್ದ. ಮೀನಿನ ಮಾತು ಮೀನಿನದಷ್ಟೇ ಎಂದುಕೊಂಡಿದ್ದಳು ಅವಳು.

*

ಬಂಡೆಯ ಬಳಿ ತಿಯಾಮಿಕೆ ನ್ಸಿಮಾ ಮುದ್ದೆಯನ್ನು ಪುಡಿ ಮಾಡಿ ಹಾಕಿದಳು. ತಿಳಿನೀರಿನಲ್ಲಿ ಮೀನುಗಳು ಮುತ್ತಿದವು. ಮೈ ನೀಲಿ, ಹೊಟ್ಟೆ ಹಳದಿ, ಬೆನ್ನಿನ ಮೇಲೆ ಆ ನೀಲಿಗಳಿಗೂ ಹಳದಿಗಳಿಗೂ ಇಲ್ಲದ ಕಪ್ಪು ಪಟ್ಟೆ.

ಯೋನಾ ಬಗ್ಗಿದ. "ಇದು ನಮ್ಮ ಕಡೇದಲ್ಲ."

"ಇಲ್ಲೀದೂ ಆಗಿರ್ಲಿಲ್ಲ."

"ಮತ್ತೆ ಎಲ್ಲೀದು?"

"ಈ ಬಂಡೇದು. ನಿಮ್ಮ ಕಡೆಯಿಂದ ಬಂದ ನೀಲಿಗೂ ಇಲ್ಲಿಯ ಹಳದಿಗೂ ಹುಟ್ಟಿದ್ದು. ಇಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ವಂತೆ. ಅಪ್ಪ ಹೇಳ್ತಿದ್ದ."

ಯೋನಾ ತಲೆಯೆತ್ತಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ.

"ನಿಂದು ನಮ್ಮಮ್ಮನ ಹಣೆ," ಎಂದ.

ದಂಡೆಯಿಂದ ಅವನು ನೇರ ಮರದಡಿಗೆ ನಡೆದ. ಕೋಟು ಕಳಚಿ ತಿಯಾಮಿಕೆಯ ಕೈಗಿತ್ತು, ಮಣ್ಣಗುಡ್ಡೆಯಿಂದ ಗುದ್ದಲಿ ಕಿತ್ತುಕೊಂಡು ಗುಂಡಿಗೆ ಇಳಿದ.