ಮತ್ತೆ ಮತ್ತೆ ಸಾಯುವ ಡ್ರೈವರು

“ಒನ್ಸ್ ಮೋರ್! ಒನ್ಸ್ ಮೋರ್!” ಮುಂದಿನ ಸಾಲಿನವರು ಕುರ್ಚಿ ಹತ್ತಿ ಕೂಗುತ್ತಿದ್ದರು. ಪರದೆ ಬೆಳ್ಳಗಾಯಿತು. ಮೇಲಿನ ಕೋಣೆಯಲ್ಲಿ ರೀಲು ಹಿಂದಕ್ಕೆ ಸುತ್ತುವ ಸದ್ದು ಕೇಳಿಸಿತು. ಟಾರ್ಚಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಟಾಕೀಸಿನಲ್ಲಿ ಟಿಕೀಟು ಹರಿದು, ಕತ್ತಲಲ್ಲಿ ಟಾರ್ಚು ಹಿಡಿದು ಜನರಿಗೆ ಕುರ್ಚಿ ತೋರಿಸುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಮೇಲೆ ಮಿಷನ್ನು ಓಡಿಸುವವನು ಗಂಡನ ತಮ್ಮ. ಒಂದೇ ಮನೆ, ಒಂದೇ ಒಲೆ. ಗಂಡ ಲಾರಿ ಡ್ರೈವರಾಗಿದ್ದ. ತನ್ನ ಲಾರಿಯ ಎಣ್ಣೆ ಡಬ್ಬಗಳಡಿ ಕಳ್ಳಸಾಗಣೆಯ ಚಿನ್ನವಿದೆ ಎಂದು ತಿಳಿದ ದಿನವೇ ಠಾಣೆಗೆ ಹೇಳಲು ಹೊರಟ. ದಾರಿಯಲ್ಲೇ ಕೊಂದು ಹಾಕಿದರು. ಕೊಂದವರು ಯಾರೆಂದು ಇವತ್ತಿನವರೆಗೆ ಯಾರೂ ಉಸಿರೆತ್ತಿಲ್ಲ.

ಈ ಚಿತ್ರದಲ್ಲೂ ಒಬ್ಬ ಲಾರಿ ಡ್ರೈವರು, ಅವನೂ ಠಾಣೆಗೆ ಹೊರಡುತ್ತಾನೆ. ಕಳ್ಳಸಾಗಣೆ ತಂಡದ ಯಜಮಾನನೇ ಕಥಾನಾಯಕ. ಅವನು ಡ್ರೈವರನ್ನು ಮಂಡಿಯೂರಿಸುತ್ತಾನೆ. ಮಕ್ಕಳ ಮೇಲೆ ಆಣೆ ಹಾಕಿ ಅಳುತ್ತಲೇ ಡ್ರೈವರು ಉಟ್ಟ ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾನೆ. “ಠಾಣೇಲಿ ಬಾಯಿ ಬಿಡ್ತೀನಿ ಅಂದೋನು, ಇಲ್ಲಿ ಬೇರೇನೋ ಬಿಟ್ಬಿಟ್ಯಲ್ಲೋ!” ಎಂದು ಯಜಮಾನ ಗುಂಡು ಹಾರಿಸುತ್ತಾನೆ. ಅಲ್ಲಿಗೆ ಶಿಳ್ಳೆ, ಚಿಲ್ಲರೆ ಕಾಸಿನ ಎರಚಾಟ, ಮತ್ತೆ ತೋರಿಸು ಎಂಬ ಗದ್ದಲ. ಪ್ರತಿ ಆಟಕ್ಕೂ ಹೀಗೇ. ಹೊರಗೆ ಹೋಗುವಾಗ ಅಪ್ಪಂದಿರು ಹೆಗಲ ಮೇಲಿನ ಕೂಸುಗಳಿಗೆ ಅದೇ ಮಾತು ಕಲಿಸುತ್ತಿದ್ದರು.

ಆಟ ಬಿಟ್ಟ ಮೇಲೆ ಅವಳು ಮೆಟ್ಟಿಲು ಹತ್ತಿದಳು.

“ಅವನನ್ನ ಎಷ್ಟು ಸಲ ಸಾಯಿಸ್ತೀಯಪ್ಪಾ?”

ಮೈದುನ ತಲೆ ಎತ್ತಲಿಲ್ಲ. “ಸಿನಿಮಾ ಅತ್ತಿಗೆ ಅದು. ಆ ನಟ ಎಲ್ಲೋ ಆರಾಮಾಗಿ ಕಾಫಿ ಕುಡೀತಿರ್ತಾನೆ.”

“ನಿಮ್ಮಣ್ಣ ಕುಡೀತಿದಾನಾ?”

ಮೈದುನ ಎಣ್ಣೆ ಬಟ್ಟೆಯನ್ನು ಕೈಯಲ್ಲಿ ಹಿಂಡಿದ. “ಸಾಹುಕಾರ್ರು ಹೇಳಿದ್ಮೇಲೆ ನಾನೇನ್ಮಾಡ್ಲಿ? ಈ ಕೆಲ್ಸ ಹೋದ್ರೆ ಇನ್ಯಾರು ಕರೀತಾರೆ ನನ್ನ?”

“ಒಂದ್ಸಲ ತೋರ್ಸು, ಅದು ನಿನ್ನ ಹೊಟ್ಟೆಪಾಡು. ಎರಡ್ನೇ ಸಲ ತೋರಿಸಿದ್ಯೋ, ನಾಳೆಯಿಂದ ನಿಂಗೆ ಊಟ ಬಡಿಸೋ ಕೈ ನಂದಲ್ಲ.”

ಮುಂದಿನ ಆಟದಲ್ಲೂ ಗುಂಡು ಹಾರಿತು, ಕೂಗು ಎದ್ದಿತು, ಪರದೆ ಬೆಳ್ಳಗಾಯಿತು. ಅವಳು ಹಲ್ಲು ಕಚ್ಚಿ ಕಾದಳು. ರೀಲಿನ ಸದ್ದು ಬರಲಿಲ್ಲ. ಒಳಗಿನ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು.

ಕತ್ತಲಲ್ಲಿ ಒಂದೇ ಬಾಯಾಗಿದ್ದ ಜನ ಈಗ ಒಬ್ಬೊಬ್ಬರಾಗಿ ಕಂಡರು. ಕುರ್ಚಿಯ ಮೇಲೆ ನಿಂತ ಹಾಲಿನವನು. ಅಂಗಿ ಬಿಚ್ಚಿ ಬೀಸುತ್ತಿದ್ದ ಲೆಕ್ಕದ ಮೇಷ್ಟ್ರು. ಸಾಲಿನ ತುದಿಯಲ್ಲಿ, ಎರಡು ಬೆರಳು ಬಾಯಿಗಿಟ್ಟುಕೊಂಡು, ಪಕ್ಕದ ಮನೆಯ ಟೈಲರ್ ಮಾವ. ಗಂಡನ ಹೆಣ ತಂದ ದಿನ ಅವನ ಮೈಯಿಂದ ರಕ್ತದ ಅಂಗಿ ಕತ್ತರಿಸಿ ತೆಗೆದು, ಹೊಸ ಅಂಗಿ ತೊಡಿಸಿ, ಗುಂಡಿ ಹಾಕಿದವರು ಅವರೇ.

“ಯಾವನೋ ಅವ್ನು ಲೈಟ್ ಹಾಕ್ದೋನು?” ಯಾರೋ ಅರಚಿದರು. ಟಾಕೀಸಿನ ಮಾಲೀಕ ಸಾಹುಕಾರರು ಧಡಧಡನೆ ಮೆಟ್ಟಿಲು ಹತ್ತಿದರು. “ಇಳಿಯೋ ಕೆಳಗೆ! ಇವತ್ತಿಗೆ ಮುಗೀತು ನಿನ್ನ ಋಣ!” ಎಂಬುದು ಎಲ್ಲರಿಗೂ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು.

ಮೈದುನ ಇಳಿದು ಬಂದು ಅತ್ತಿಗೆಯ ಪಕ್ಕದಲ್ಲಿ ನಿಂತ.

ಟೈಲರ್ ಮಾವ ಅವಳನ್ನು ಕಂಡರು. ಬೆರಳು ತೆಗೆದು, ಎಂಜಲನ್ನು ತೊಡೆಗೆ ಒರೆಸಿಕೊಂಡು ನಕ್ಕರು. “ಎಷ್ಟೊತ್ತು ನಿಂತಿರ್ತೀಯಮ್ಮಾ, ಕಾಲು ನೋಯಲ್ವಾ? ಬಾ, ಕೂತ್ಕೋ,” ಎಂದು ಪಕ್ಕದ ಮಡಚು ಕುರ್ಚಿಯ ಸೀಟನ್ನು ಅದೇ ಕೈಯಲ್ಲಿ ಒತ್ತಿ ಹಿಡಿದರು.

ಅವಳು ಕದಲಲಿಲ್ಲ. ಮಾವ ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದರು. ಆಮೇಲೆ ಕೈ ತೆಗೆದರು. ಕುರ್ಚಿ ಧಪ್ಪೆಂದು ಮಡಚಿಕೊಂಡಿತು.