ತೇಲುವವು

ಜೀವಕೋಶ ಬೆಳೆಸುವ ಪ್ಲೇಟನ್ನು ಓರೆ ಮಾಡಿ, ಹಳೆಯ ದ್ರವವನ್ನು ಹೀರಿ ತೆಗೆದು, ಹೊಸದನ್ನು ಹನಿಸಬೇಕು. ಇಷ್ಟು ವರ್ಷ ಅವಳ ಕೈ ಮಾಡಿಕೊಂಡು ಬಂದದ್ದು ಅದನ್ನೇ. ಇವತ್ತು ಮಾತ್ರ ನಳಿಕೆ ಅಂಚಿಗೆ ಮುಟ್ಟುತ್ತಲೇ ಕೈ ತಡೆಯಿತು. ದ್ರವದಲ್ಲಿ ತೇಲುತ್ತಿದ್ದ ಪುಡಿಯಂಥದ್ದು ಅವಳ ಅತ್ತಿಗೆಯ ಹೊಟ್ಟೆಯಿಂದ ಬಂದದ್ದು. ಸತ್ತದ್ದೇ ಆಗಿರಲಿ, ಸಿಂಕಿಗೆ ಚೆಲ್ಲಲು ಮನಸ್ಸಾಗಲಿಲ್ಲ. ಕೈಗೆ ಸಿಕ್ಕಿದ, ತಳಕ್ಕೆ ಪ್ರೋಟೀನ್ ಬಳಿದಿದ್ದ ಹೊಸ ಪ್ಲೇಟಿಗೆ ಸುರಿದು, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದಳು.

ಅವಳ ಸಂಶೋಧನೆಯೆಲ್ಲ ಚರ್ಮದ ಜೀವಕೋಶಗಳ ಮೇಲೆ. ಅವುಗಳದ್ದು ಸರಳ ಬಾಳು. ತಳಕ್ಕೆ ಅಂಟಿಕೊಂಡವು ಬದುಕಿದವು, ತಳ ಬಿಟ್ಟು ತೇಲಿದವು ಸತ್ತವು. ಆ ಪ್ರಯೋಗಾಲಯದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ತಾನಾಗಿಯೇ ಕೈಗೆ ಹತ್ತಿಬಿಡುತ್ತದೆ. ಅತ್ತಿಗೆಗೆ ಅಂಡಾಶಯದ ಕ್ಯಾನ್ಸರ್. ಔಷಧಿಯ ಮೊದಲ ಸುತ್ತುಗಳಾದ ಮೇಲೆ ಹೊಟ್ಟೆಯಲ್ಲಿ ಉಳಿದಿದ್ದ ನೀರನ್ನು ತೆಗೆದಾಗ, "ನಿನ್ನ ಲ್ಯಾಬಿಗೂ ಒಂದು ಬಾಟಲಿ ತಗೊಂಡು ಹೋಗು, ನಂದೂ ಒಂದು ಸಮಾಜಸೇವೆ ಆಗ್ಲಿ" ಎಂದು ಅವಳೇ ತಮಾಷೆ ಮಾಡಿದ್ದಳು. ಕೆಲವು ದಿನ ಬಿಟ್ಟು ನೋಡಿದರೆ ತಳದಲ್ಲಿ ಅಲ್ಲೊಂದು ಇಲ್ಲೊಂದು, ಮಿಕ್ಕವೆಲ್ಲ ತೇಲುತ್ತಿದ್ದವು. ಖುಷಿ ತಡೆಯಲಾರದೆ ಅಣ್ಣನಿಗೆ ಫೋನು ಮಾಡಿದ್ದಳು.

"ಹೆಚ್ಚುಕಮ್ಮಿ ಎಲ್ಲಾ ಸತ್ತಿವೆ ಕಣೋ."

ಅಷ್ಟೇ ಸಾಕಾಯಿತು. ಉಳಿದ ಸುತ್ತುಗಳನ್ನು ಮುಗಿಸಲೇಬೇಕೆಂದು ವೈದ್ಯೆ ಬಡಿದುಕೊಂಡರೂ, "ನಮ್ಮ ನಾದಿನಿ ಕಣ್ಣಾರೆ ನೋಡಿದ್ದಾಳೆ" ಎಂದು ಹೇಳಿ ಅತ್ತಿಗೆ ಔಷಧಿ ನಿಲ್ಲಿಸಿದಳು. ಸೋಮವಾರದಿಂದ ಪಾಠಕ್ಕೆ ಬರುತ್ತೇನೆಂದು ಶಾಲೆಗೂ ತಿಳಿಸಿಬಿಟ್ಟಳು.

ಸುರಿದಿಟ್ಟ ಮರುದಿನ ಬೆಳಿಗ್ಗೆ ಬಂದು ಹೊಸ ಪ್ಲೇಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ ನಾದಿನಿ ಫೋಕಸ್ ತಿರುಗಿಸಿ ಮತ್ತೊಮ್ಮೆ ನೋಡಿದಳು. ತೇಲುತ್ತಿದ್ದ ಗುಂಪುಗಳು ತಳಕ್ಕಿಳಿದು ಅಂಟಿಕೊಂಡಿದ್ದವು. ಒಂದೊಂದರ ಅಂಚಿನಿಂದಲೂ ಕೋಶಗಳು ಆಚೆ ಹರಡುತ್ತಿದ್ದವು. ಮೇಲಿನ ಮಹಡಿಯ ಹಿರಿಯ ಸಂಶೋಧಕನನ್ನು ಕರೆತಂದಳು. ಜೀವಕೋಶಗಳು ಹೇಗೆ ಅಂಟಿಕೊಳ್ಳುತ್ತವೆ ಎನ್ನುವುದರಲ್ಲೇ ಆಯುಷ್ಯ ಕಳೆದ ಅವನಿಗೆ ಅಲ್ಲಿ ಎಲ್ಲರೂ ಇಟ್ಟ ಹೆಸರು ಅಂಟುಮಾಮ. ಅವನು ಚಹಾ ಲೋಟವನ್ನು ಬಾಗಿಲ ಹೊರಗಿಟ್ಟು ಬಂದು ಬಗ್ಗಿ ನೋಡಿದ.

"ಇವು ನಿನ್ನ ಚರ್ಮದ ಕೋಶಗಳ ಥರ ಅಲ್ಲಮ್ಮ. ಕೋಶದ ಮೈಮೇಲೆ ಹಿಡ್ಕೊಳ್ಳೋ ಪ್ರೋಟೀನ್ ಇರುತ್ತಲ್ಲ, ಅದೇ ಇವುಗಳಲ್ಲಿ ಬದಲಾಗ್ತಾ ಹೋಗುತ್ತೆ. ಹುಟ್ಟಿದ ಜಾಗ ಬಿಡ್ತವೆ, ಒಂದನ್ನೊಂದು ಹಿಡ್ಕೊಂಡು ಹೊಟ್ಟೆ ನೀರಲ್ಲಿ ತೇಲ್ತವೆ. ಗುಂಪಿನ ಒಳಗಿರೋವಕ್ಕೆ ಔಷಧಿನೂ ಸರಿಯಾಗಿ ತಾಗಲ್ಲ. ಹೊಟ್ಟೆಯೊಳಗಿನ ಪೊರೆ ಸಿಕ್ತೋ, ಈ ಪ್ಲೇಟಿನ ಲೇಪದಂಥದ್ದು ಸಿಕ್ತೋ, ಬೇರೆ ಪ್ರೋಟೀನಿಂದ ಅಲ್ಲಿ ಅಂಟ್ಕೊಂಡು ಬೆಳೀತವೆ. ಯಾರದಿದು?"

"ನಮ್ಮ ಅತ್ತಿಗೇದು. ಸತ್ತಿವೆ ಅಂತ ಹೇಳ್ಬಿಟ್ಟಿದ್ದೀನಿ."

ಅಂಟುಮಾಮ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ. "ಇವತ್ತೇ ಹೋಗಿ ಹೇಳು" ಎಂದ.

ಅವಳು ಮೊದಲು ವೈದ್ಯೆಯನ್ನು ಕಂಡು, ಅಲ್ಲಿಂದ ನೇರ ಅಣ್ಣನ ಮನೆಗೆ ಹೋದಳು. ಅಣ್ಣ ಒಳಗಿನ ಕೋಣೆಯಲ್ಲಿ ಏನೋ ಗುನುಗುತ್ತ ಹೆಂಡತಿಯ ಶಾಲೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ. ಅತ್ತಿಗೆ ಅಡುಗೆಮನೆಯಲ್ಲಿದ್ದಳು.

"ಅತ್ತಿಗೆ, ನಾನು ತಪ್ಪು ಹೇಳ್ಬಿಟ್ಟೆ. ಅವು ಸತ್ತಿರ್ಲಿಲ್ಲ."

ಅತ್ತಿಗೆ ಒಲೆ ಸಣ್ಣ ಮಾಡಿದಳು. "ಒಂದೂ ಸತ್ತಿರ್ಲಿಲ್ವಾ?"

"ಕೆಲವು ಸತ್ತಿರ್ಬಹುದು. ಬದುಕಿರೋವು ಬೇಕಾದಷ್ಟಿವೆ. ತೇಲಿದ್ರೆ ಸತ್ತ ಹಾಗೆ ಅನ್ನೋದು ನಮ್ಮ ಲ್ಯಾಬಲ್ಲಿ ಅಭ್ಯಾಸ. ಬೈದುಬಿಡಿ ನನ್ನ."

"ಬೈದ್ರೆ ಸಾಯ್ತವಾ ಅವು?"

ನಾದಿನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. "ನಾಳೇನೇ ಬನ್ನಿ, ಮತ್ತೆ ಶುರು ಮಾಡೋಣ ಅಂದ್ರು ಡಾಕ್ಟರು. ಇನ್ನೂ ತಡ ಆಗಿಲ್ವಂತೆ."

"ಆಗಿಲ್ವಂತೆ" ಎಂದು ಅತ್ತಿಗೆ ಅದನ್ನೇ ತಿರುಗಿಸಿ ಹೇಳಿದಳು. ಆಮೇಲೆ, "ನಾಳೆಯಿಂದ ಮತ್ತೆ ಆ ಔಷಧಿ, ಏನು ತಿಂದ್ರೂ ಕಬ್ಬಿಣ ನೆಕ್ಕಿದ ಹಾಗೆ" ಎಂದಳು. ಒಳಗಿನಿಂದ ಗುನುಗು ಕೇಳಿಸುತ್ತಲೇ ಇತ್ತು. ಅವಳು ಆ ಕಡೆ ನೋಡಿದಳು. "ಊಟ ಆಗ್ಲಿ. ಆಮೇಲೆ ನೀನೇ ಹೇಳು. ನನ್ನ ಕೈಲಾಗಲ್ಲ."

ಅಣ್ಣ ಬಂದು ಕೂತ. ಅವನು ಹೀಗೆ ಹಸಿವಿನಿಂದ ಉಣ್ಣುವುದನ್ನು ಮನೆಯವರು ನೋಡಿ ತಿಂಗಳುಗಳೇ ಆಗಿದ್ದವು.

"ಏನು, ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರಿ?" ಎಂದ.

"ಏನಿಲ್ಲ, ನೀವು ಉಣ್ಣಿ" ಎಂದಳು ಅತ್ತಿಗೆ. ಅವನು ಸಾಕೆಂದು ಅಡ್ಡ ಹಿಡಿದ ಕೈಯನ್ನು ಮೆಲ್ಲಗೆ ಸರಿಸಿ, ತಟ್ಟೆ ಖಾಲಿಯಾಗುವ ಮೊದಲೇ ಇನ್ನೊಂದು ಸೌಟು ಬಡಿಸಿದಳು.