ಭಾವನ ಕಾರಿನ ಸರದಿ

ಕಂಡವರ ಕಾರುಗಳನ್ನೆಲ್ಲ ಕನ್ನಡಿ ಮಾಡಿ ಕೊಡುತ್ತಿದ್ದ ಇಬ್ಬರ ಮನೆಯ ಕಾರು ಹೇಗಿತ್ತು ಗೊತ್ತೇ? ಹಿಂದಿನ ಗಾಜಿನ ಧೂಳಿನಲ್ಲಿ ಬೀದಿಯ ಮಕ್ಕಳು ಬೆರಳಾಡಿಸಿ ಬೆಕ್ಕು, ಮೀಸೆ, ಮಾವಿನಕಾಯಿ ಎಲ್ಲ ಬರೆದಿದ್ದರು. ದೀಪದ ಬುಡದಲ್ಲೇ ಕತ್ತಲು ಅಂತ ಸುಮ್ಮನೆ ಹೇಳಿದ್ದಾರೆಯೇ?

ಕಾರು ಭಾವನದು. ಭಾವ ಎಂದರೆ ಫಳಫಳನ ಅಕ್ಕನ ಗಂಡ, ಬಸ್ ಡ್ರೈವರ್. ಫಳಫಳ ಎಂಬುದು ಟೈಲ್ಸ್ ಗೋಡೌನಿನ ಜೊತೆಗಾರರು ಇಟ್ಟ ಅಡ್ಡಹೆಸರು. ವಾರವೆಲ್ಲ ಅಲ್ಲಿ ಪೆಟ್ಟಿಗೆ ಹೊರುವುದು, ಭಾನುವಾರ ಬಂತೆಂದರೆ ಭಾವನ ಜೊತೆ ಹಳೇ ವ್ಯಾನು ಹತ್ತುವುದು. ವ್ಯಾನಿನೊಳಗೆ ನೀರಿನ ಟ್ಯಾಂಕು, ಪಂಪು, ವ್ಯಾಕ್ಯೂಮು, ಬಕೆಟ್ಟು, ಬ್ರಷ್ಷು. ಫೋನ್ ಮಾಡಿದವರ ಮನೆ ಬಾಗಿಲಿಗೇ ಹೋಗಿ ಕಾರನ್ನು ಒಳಗೂ ಹೊರಗೂ ಉಜ್ಜಿ, ಪಾಲಿಶ್ ಹಾಕಿ, ವಾಸನೆ ತೆಗೆದು ಕೊಡುತ್ತಿದ್ದರು. ಪಾಲಿಶ್ ಭಾವನದು, ವಾಸನೆ ಫಳಫಳನದು. ಸೀಟಿನಲ್ಲಿ ವರ್ಷಗಟ್ಟಲೆ ಕುಳಿತ ಸಿಗರೇಟು, ನಾಯಿ, ಒಡೆದ ಹಾಲು, ಏನೇ ಇರಲಿ, ಅವನು ಕೈ ಹಾಕಿದರೆ ಮಾಯ. ಆ ವಿದ್ಯೆಯಲ್ಲಿ ಅವನದು ಎತ್ತಿದ ಕೈ.

"ಎಷ್ಟು ದಿನ ಅಂತ ಎರಡು ದೋಣಿ ಮೇಲೆ ಕಾಲಿಟ್ಕೊಂಡು ನಿಂತಿರ್ತೀಯೋ?" ಎಂದು ಭಾವ ಚುಚ್ಚುತ್ತಿದ್ದ. "ನೀನು ಗೋಡೌನ್ ಬಿಡು, ನಾನು ಬಸ್ ಬಿಡ್ತೀನಿ. ದಿನಾ ಇದೇ ಮಾಡೋಣ."

"ಹೊಟ್ಟೆಗೇನು ಮಾಡೋದು ಭಾವ?"

"ಜನ ಕೊಳೆ ಮಾಡೋದು ಬಿಡ್ತಾರಾ? ಬಿಡಲ್ಲ. ಅಲ್ಲೀವರೆಗೂ ನಮಗೆ ಊಟ ಇದೆ."

"ಮೊದಲು ನಿಮ್ಮ ಕಾರು ತೊಳೀರಿ. ನೋಡಿದೋರು ನಗ್ತಾರೆ."

"ಅದರ ಸರದಿ ನಾವು ಕೆಲಸ ಬಿಟ್ಟ ಮೊದಲನೇ ದಿನ. ಅವತ್ತು ಮೊದಲ ಗಿರಾಕಿ ನಾನೇ. ಚೌಕಾಸಿ ಬೇರೆ ಮಾಡ್ತೀನಿ, ನೋಡ್ತಿರು!"

ಅಷ್ಟರಲ್ಲಿ ಒಂದು ಬೆಳಿಗ್ಗೆ ಭಾವ ಓಡುತ್ತಿದ್ದ ಬಸ್ಸನ್ನು ರಸ್ತೆಯ ಬದಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಒಳಗಿದ್ದ ಒಬ್ಬರಿಗೂ ಒಂದು ಗೀರಾಗಲಿಲ್ಲ. ಪುಣ್ಯಾತ್ಮ, ಹೋಗುವಾಗಲೂ ಜನರನ್ನು ದಡ ಮುಟ್ಟಿಸಿಯೇ ಹೋದ. ಅಕ್ಕ ಮಾತ್ರ ನಡುನೀರಿನಲ್ಲಿ ಉಳಿದಳು.

ಕೆಲವು ತಿಂಗಳು ಫಳಫಳ ವ್ಯಾನಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಗೋಡೌನಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದ. ಹೆಂಡತಿ ತಲೆ ಮೇಲೆ ಕೈಹೊತ್ತು ಕೂತಳು. ಅವನದು ಒಂದೇ ಹಟ, ಭಾವನ ಮಾತು ಉಳಿಯಬೇಕು. ಹೊಸ ಬದುಕು ಹಳೇ ಕೊಳೆಯಲ್ಲಿ ಶುರುವಾಗಬಾರದೆಂದು ವ್ಯಾನು ಉಜ್ಜಿದ, ಒರೆಸುವ ಬಟ್ಟೆಗಳನ್ನು ಕುದಿಸಿ ಒಗೆದ. ವ್ಯಾನಿನೊಳಗಿನ ಮೊಳೆಯಲ್ಲಿ ನೇತಾಡುತ್ತಿದ್ದ ಭಾವನ ನೀಲಿ ಕೆಲಸದ ಕೋಟನ್ನೂ ಸೋಪಿನಲ್ಲಿ ನೆನೆಹಾಕಿ, ಒಗೆದು, ಇಸ್ತ್ರಿ ಮಾಡಿ ಮತ್ತೆ ಅಲ್ಲೇ ನೇತುಹಾಕಿದ.

ಆಮೇಲೆ ಅಕ್ಕನ ಮನೆಗೆ ಹೋದ. ಅಕ್ಕ ಟೈಲರ್ ಅಂಗಡಿಯಲ್ಲಿ ಹೊಲಿಯುವವಳು. ಮನೆಗೆ ತಂದಿದ್ದ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಅಕ್ಕಾ, ಸೋಮವಾರದಿಂದ ಪೂರ್ತಿ ಇದೇ ಕೆಲಸ. ಮೊದಲು ಭಾವನ ಕಾರು."

ಅಕ್ಕನ ಸೂಜಿ ನಿಂತಿತು. "ಬೇಡ ಕಣೋ. ಅದು ಹಾಗೇ ಇರಲಿ."

"ಹಾಗೇ ಇರಲಿ ಅಂದ್ರೆ? ಮೊದಲನೇ ದಿನ ಇದರದೇ ಸರದಿ ಅಂತ ಭಾವ ಹೇಳಿದ್ರು."

"ನಿನಗೆ ಸಂಪಾದನೆ ಇರೋ ದಿನ. ನನ್ನದಕ್ಕೆ ಯಾಕೆ ಹೊತ್ತು ಹಾಳು? ಬೇಡ ಅಂದ್ನಲ್ಲ."

ಫಳಫಳ ಒಳಗೊಳಗೇ ನಕ್ಕ. ಈ ಅಕ್ಕನ 'ಬೇಡ' ಅವನಿಗೆ ಹೊಸದೇ? ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವನನ್ನು ಬೆಳೆಸಿದ್ದು ಅವಳ 'ಬೇಡ'ಗಳೇ. ನನಗೆ ಹಸಿವಿಲ್ಲ, ನೀನು ತಿನ್ನು. ನನಗೆ ಹೊಸ ಬಟ್ಟೆ ಬೇಡ, ಅವನಿಗೆ ಕೊಡಿ. ಅಕ್ಕ ಬೇಡ ಅಂದದ್ದನ್ನೆಲ್ಲ ದೊಡ್ಡವನಾದ ಮೇಲೆ ಒಂದೊಂದಾಗಿ ತಂದು ಅವಳ ಕೈಗಿಟ್ಟಿದ್ದ. ಪ್ರತಿ ಸಲವೂ ಅವಳು ಬೈದುಕೊಂಡೇ ಕಣ್ಣೊರೆಸಿಕೊಂಡಿದ್ದಳು. ಇದೂ ಅಂಥದ್ದೇ ಅಂದುಕೊಂಡ.

ಯಾಕೆ ಅಂತ ಒಂದು ಮಾತು ಕೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಗೆ ಹೇಳಿಯಾಳು? ಅಕ್ಕ ದಿನಾ ಸಂಜೆ ಅಂಗಡಿಯಿಂದ ಬಂದವಳು ಮನೆಯ ಬೀಗ ತೆಗೆಯುವ ಮೊದಲು ಕಾರು ನಿಂತಿದ್ದ ಶೆಡ್ಡಿಗೆ ಹೋಗುತ್ತಿದ್ದಳು. ಕಾರಿನ ಬಾಗಿಲನ್ನು ಮೈ ತೂರುವಷ್ಟೇ ತೆಗೆದು, ಒಳಗೆ ಸರಿದು, ತಟ್ಟನೆ ಎಳೆದುಕೊಂಡು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. ಭಾವ ಬೆನ್ನುನೋವಿಗೆ ಹಚ್ಚುತ್ತಿದ್ದ ಮುಲಾಮು, ಸದಾ ಬಾಯಲ್ಲಿರುತ್ತಿದ್ದ ಲವಂಗ, ಅವನ ಬೆವರು, ಎಲ್ಲ ಸೇರಿ ಅಲ್ಲಿ ಗಂಡನೇ ಕೂತಿದ್ದ. ಗಾಜು ಇಳಿಸುತ್ತಿರಲಿಲ್ಲ, ಹೆಚ್ಚು ಹೊತ್ತು ಕೂರುತ್ತಲೂ ಇರಲಿಲ್ಲ. ವಾಸನೆ ಬೇಗ ಖರ್ಚಾಗಿ ಹೋದರೆ ಎಂಬ ಹೆದರಿಕೆ. ಇದನ್ನು ತಮ್ಮನ ಮುಂದೆ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವುದಿಲ್ಲವೇ?

ಸೋಮವಾರ ಅಕ್ಕ ಅಂಗಡಿಗೆ ಹೋದ ಮೇಲೆ ಫಳಫಳ ಬಂದ. ಭಾವ ಕೊಟ್ಟಿಟ್ಟಿದ್ದ ಕಾರಿನ ಇನ್ನೊಂದು ಬೀಗದ ಕೈ ಅವನ ಹತ್ತಿರವೇ ಇತ್ತು. ಈ ಕೆಲಸದಲ್ಲಿ ಎಲ್ಲಕ್ಕೂ ಮೊದಲು ಮಾಡುವುದು ನಾಲ್ಕೂ ಬಾಗಿಲು ತೆಗೆದಿಡುವುದು. ತೆಗೆದಿಟ್ಟ. ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆ ಹೋಯಿತು.

ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಅವನು ಕೆಲಸ ಮಾಡಿರಲಿಲ್ಲ. ಮ್ಯಾಟಿನ ಸಂದಿಯ ಲವಂಗದ ಚೂರುಗಳನ್ನು ವ್ಯಾಕ್ಯೂಮಿಗೆ ಕೊಟ್ಟ. ಭಾವನ ಬೆನ್ನು ತಾಗಿ ಕಪ್ಪಾಗಿದ್ದ ಸೀಟಿಗೆ ನೊರೆ ಹಾಕಿ ಉಜ್ಜಿದ, ಸೀಟು ಬೆಲ್ಟನ್ನು ಪೂರ್ತಿ ಎಳೆದು ತೊಳೆದ, ಚಾವಣಿಯ ಬಟ್ಟೆಗೆ ಹಬೆ ಹಿಡಿದ. ಸ್ಟೇರಿಂಗಿನ ಮೇಲಿನ ಜಿಡ್ಡು ಬಟ್ಟೆಗೆ ಬಂದಾಗ ಅಳು ತಡೆಯಲಾಗಲಿಲ್ಲ. "ನೋಡಿ ಭಾವ, ನಿಮ್ಮ ಸರದಿ ಬಂತು" ಎಂದು ಗಟ್ಟಿಯಾಗಿ ಹೇಳಿಕೊಂಡೇ ಒರೆಸಿದ. ಕೊನೆಗೆ ಮೂಗಿಟ್ಟು ಮೂಸಿ ನೋಡಿದ. ಆಗಷ್ಟೇ ಅಂಗಡಿಯಿಂದ ತಂದ ಕಾರಿನಂತಿತ್ತು.

ಸಂಜೆ ಗೇಟಿನ ಸದ್ದಾಯಿತು. ಅವನು ಚಿಕ್ಕಂದಿನ ಹಾಗೆ ಶೆಡ್ಡಿನ ಗೋಡೆಯ ಹಿಂದೆ ಅವಿತುಕೊಂಡು ಇಣುಕಿದ. ಅಕ್ಕ ಮನೆಗೆ ಹೋಗದೆ ನೇರ ಶೆಡ್ಡಿಗೆ ಬಂದದ್ದು ನೋಡಿ, ಆಗಲೇ ಸುಳಿವು ಸಿಕ್ಕಿತೇನೋ ಅಂದುಕೊಂಡು ನಕ್ಕ. ಒಳಗಿನ ಮಬ್ಬಿನಲ್ಲಿ ಅವಳಿಗೆ ಕಾರಿನ ಹೊಳಪು ಕಾಣಲಿಲ್ಲ. ಬಾಗಿಲನ್ನು ಚೂರೇ ತೆಗೆದು, ಒಳಗೆ ತೂರಿ, ಎಳೆದುಕೊಂಡಳು. ಕಣ್ಣು ಮುಚ್ಚಿ ಉಸಿರೆಳೆದಳು.

ಕಣ್ಣು ತೆರೆದಳು. ಮತ್ತೊಮ್ಮೆ ಎಳೆದಳು. ಆಮೇಲೆ ಪಕ್ಕದ ಸೀಟಿಗೆ ಬಾಗಿ ಮುಖವೊತ್ತಿದಳು. ಬೆಲ್ಟನ್ನು ಎಳೆದು ಮೂಸಿದಳು, ಸ್ಟೇರಿಂಗ್ ಮೂಸಿದಳು. ಫಳಫಳನ ನಗು ಮುಖದಲ್ಲೇ ನಿಂತುಹೋಯಿತು. ಅವನು ಓಡಿಬಂದು ಬಾಗಿಲು ತೆಗೆದ.

"ಎಲ್ಲೋ ಅವರು?" ಎಂದಳು ಅಕ್ಕ.

ಆ ಒಂದು ಮಾತಿಗೆ ಅವನಿಗೆ ಎಲ್ಲವೂ ತಿಳಿಯಿತು. "ಇರು, ಇರು ಅಕ್ಕಾ" ಎನ್ನುತ್ತ ಮರೆಯಲ್ಲಿ ನಿಲ್ಲಿಸಿದ್ದ ವ್ಯಾನಿಗೆ ಓಡಿದ. ಮೊಳೆಯಿಂದ ನೀಲಿ ಕೋಟು ಕಿತ್ತು ತಂದು ಅವಳ ಮಡಿಲಿಗೆ ಹಾಕಿದ. ಹಾಕಿದ ಮೇಲೆ ನೆನಪಾಯಿತು. ಅಕ್ಕ ಅಷ್ಟರಲ್ಲಿ ಅದರಲ್ಲಿ ಮುಖ ಹುದುಗಿಸಿದ್ದಳು.

"ಇದನ್ನೂ ಒಗೆದೆಯಾ?"

"ಹೊಡಿ ಅಕ್ಕಾ ನನಗೆ. ಚಪ್ಪಲಿ ತಗೊಂಡು ಹೊಡಿ. ಈ ಕೆಲಸಾನೇ ಬೇಡ, ನಾಳೇನೇ ಹೋಗಿ ಗೋಡೌನಿನವರ ಕಾಲು ಹಿಡೀತೀನಿ."

ಅಕ್ಕ ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ, ಅಭ್ಯಾಸಬಲ ನೋಡಿ, ಅವನ ಒದ್ದೆ ತೋಳನ್ನು ತನ್ನ ಸೆರಗಿನಲ್ಲಿ ಒರೆಸಿದಳು.

"ಬಿಡಬೇಡ. ಅವರು ಆಸೆಪಟ್ಟಿದ್ದರಲ್ಲಿ ಇನ್ನು ಉಳಿದಿರೋದು ಅದೊಂದೇ. ಯಾಕೆ ಬೇಡ ಅಂತ ನಾನು ಹೇಳಲಿಲ್ಲ, ನೀನು ಕೇಳಲಿಲ್ಲ. ಯಾರನ್ನ ಬೈಯೋದು?" ಸೀಟಿನ ಮೇಲೆ ಕೈಯಾಡಿಸಿದಳು. "ಚೆನ್ನಾಗಿ ಮಾಡಿದ್ದೀಯ. ಅವರು ನೋಡಿದ್ದಿದ್ರೆ ಚೌಕಾಸಿ ಮಾಡ್ತಿರಲಿಲ್ಲ."

ಬೈದಿದ್ದರೇ ವಾಸಿಯಿತ್ತು.

ಮರುದಿನದ ಗಿರಾಕಿ ಒಬ್ಬ ನರ್ಸಮ್ಮ. ಕಾರಿನಲ್ಲಿ ಯಾವುದೋ ಮುಗ್ಗಲು ವಾಸನೆಯಂತೆ, ತಲೆನೋವಂತೆ. ಬೀಗದ ಕೈ ಕೊಟ್ಟು ಒಳಗೆ ಹೊರಟವಳನ್ನು ಫಳಫಳ ತಡೆದ.

"ಅಮ್ಮಾ, ಇದರಲ್ಲಿ ತೆಗೀಬಾರದ್ದು ಏನಾದ್ರೂ ಇದೆಯಾ?"

"ಸಾಮಾನೆಲ್ಲ ಆಗಲೇ ತೆಗೆದಿದ್ದೀನಪ್ಪ."

"ಸಾಮಾನಲ್ಲ." ಸೀಟಿನ ಕಡೆ ಕೈ ತೋರಿಸಿದ. "ಇದರಲ್ಲಿ ಯಾರು ಯಾರು ಕೂರ್ತಿದ್ರು?"

"ನಾನೊಬ್ಬಳೇ. ಯಾಕೆ?"

"ಏನಿಲ್ಲ, ಕೇಳಿದೆ ಅಷ್ಟೇ" ಎಂದ ಫಳಫಳ. ಅವಳು ಒಳಗೆ ಹೋದಳು. ಆಮೇಲೆ ಬಾಗಿಲುಗಳನ್ನು ಒಂದೊಂದಾಗಿ, ನಿಧಾನವಾಗಿ ತೆಗೆದ.